ಸೋಪಿನ ಡಬ್ಬಿಯೊಳಗಿನ ಕಿವಿ

ಆಗೆಲ್ಲ ನಮ್ಮ ಓಣಿಯಲ್ಲಿ ಗುಟ್ಟು ಅನ್ನುವುದು ಉಳಿಯುತ್ತಿರಲಿಲ್ಲ. ಕಾರಣ ನಮ್ಮಪ್ಪ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗಗಳ ಸದ್ದಿನ ನಡುವೆ ನಿಂತು ನಿಂತು ಅವನ ಕಿವಿ ಹೋಗಿತ್ತು. ತನ್ನ ದನಿ ಎಷ್ಟು ದೊಡ್ಡದು ಅನ್ನುವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವ್ವನ ಹತ್ತಿರ ಅವನು ಪಿಸುಗುಟ್ಟಿದ್ದು ಕೊನೇ ಮನೆಯ ಎಮ್ಮೆಗೂ ಕೇಳುತ್ತಿತ್ತು. "ಮೂಲಿಮನಿ ಹುಡುಗಿಗೆ ಗಂಡು ಗೊತ್ತಾತಂತೆ, ಯಾರಿಗೂ ಹೇಳಬ್ಯಾಡ!" ಅಂತ ಅವನು ಗುಟ್ಟಾಗಿ ಹೇಳಿದ ದಿನ ಮೂಲೆಮನೆಯವರೇ ಬಂದು ಸಕ್ಕರೆ ಕೊಟ್ಟು ಹೋದರು. ಇನ್ನು ಮುಚ್ಚಿಟ್ಟು ಏನು ಬಂತು ಅಂದರು.

ನನ್ನ ಕಸುಬು ಅಣಕಿಸುವುದು. ಹರಿಹರದ ಬಸ್ಸಿನ ಕಂಡಕ್ಟರು, ಮೂಗಿನಲ್ಲೇ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಮಂಡಕ್ಕಿ ಮಾರುವ ಅಜ್ಜಿ, ಯಾರನ್ನೂ ಬಿಡುತ್ತಿರಲಿಲ್ಲ. ಮೇಷ್ಟ್ರ ಮುಂದೆ ತೊಡೆ ನಡುಗಿಸುತ್ತ ನಿಲ್ಲುವ ನನ್ನನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಆದರೆ ಗಿರಾಕಿ ಹೆಚ್ಚು ಇದ್ದದ್ದು ಅಪ್ಪನ ದನಿಗೆ. ಸಂಜೆ ಕಟ್ಟೆಯ ಮೇಲೆ ಮಂಡಕ್ಕಿ ಮೆಣಸಿನಕಾಯಿ ಹಿಡಿದು ಕೂತವರು "ನಿಮ್ಮಪ್ಪಂದು ಮಾಡು ಲೇ" ಅನ್ನುವರು. ನಾನು ಕತ್ತಿನ ನರ ಉಬ್ಬಿಸಿ ಶುರು ಮಾಡುವೆ. ಅಪ್ಪನೂ ಅಲ್ಲೇ ಕೂತಿರುತ್ತಿದ್ದ. ನನ್ನ ತುಟಿ ನೋಡುವನು, ಆಮೇಲೆ ಉಳಿದವರು ನಗುವುದನ್ನು ನೋಡುವನು, ಆಮೇಲೆ ತಾನೂ ನಗುವನು. ಯಾವಾಗಲೂ ಸ್ವಲ್ಪ ತಡ.

ಒಂದು ದಿನ ಉಣ್ಣುವಾಗ ರೊಟ್ಟಿ ಮುರಿಯುತ್ತ ಅಂದ, "ತುಟಿ ನೋಡಿ ನೋಡಿ ಸಾಕಾತು. ಈ ಕೋತಿ ಮಾಡೋದು ಒಮ್ಮೆರ ಕಿವಿಲೆ ಕೇಳಬೇಕು." ಓಣಿಯೆಲ್ಲ ಕೇಳಿಸಿಕೊಂಡಿತು. ಅದನ್ನು ಮನಸ್ಸಿಗೆ ಹಚ್ಚಿಕೊಂಡವನು ನಮ್ಮಣ್ಣ ಕೊಟ್ರೇಶ ಒಬ್ಬನೇ.

ಅಣ್ಣ ಹರಿಹರದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್. ಬಿಡುವಾದರೆ ಮಂಡಿಪೇಟೆಯ ರೇಡಿಯೊ ರಿಪೇರಿ ಸಾಬರ ಅಂಗಡಿಯಲ್ಲಿ ಕೂತಿರುವನು. ಮಾತು ಕಡಿಮೆ, ಆದ್ದರಿಂದ ಅಣಕಿಸಲು ಅವನು ನಿರುಪಯೋಗಿ. ಸಾಬರು ಕೊಟ್ಟ ಟ್ರಾನ್ಸಿಸ್ಟರು, ಹಳೇ ಟೆಲಿಫೋನಿನ ಬಾಯಿ, ಕಿವಿಗೆ ಸಿಕ್ಕಿಸುವ ಒಂದು ಗುಂಡಿ, ಇಷ್ಟನ್ನು ಅವ್ವನ ರೊಟ್ಟಿ ಮಣೆಯ ಮೇಲೆ ಮೊಳೆ ಹೊಡೆದು ತಂತಿಯಲ್ಲಿ ಕಟ್ಟಿದ. ಗುಂಡಿಯನ್ನು ನನ್ನ ಕಿವಿಗಿಟ್ಟು ದೂರದಲ್ಲಿ ಕೆಮ್ಮಿದ. ನನ್ನ ತಲೆಯೊಳಗೆ ಯಾರೋ ಕೆಮ್ಮಿದಂತಾಯಿತು.

"ನಡೀತೈತೆ" ಅಂದ.

"ಅಪ್ಪ ಮಿಲ್ಲಿಗೆ ಮಣೆ ಹೊತ್ಕೊಂಡು ಹೋಗ್ತಾನೇನು?" ಅಂದೆ.

"ಮೊದ್ಲು ನನ್ನ ಮಣೆ ಕೊಡ್ರಿ" ಅಂದಳು ಅವ್ವ.

ಹಾಗಾಗಿ ಬೋರ್ಡು. ತೆಳು ತಾಮ್ರ ಅಂಟಿಸಿದ ಕಂದು ಹಲಗೆಯ ಒಂದು ತುಂಡನ್ನು ಅಣ್ಣ ಎಲ್ಲಿಂದಲೋ ತಂದ. ತಂತಿ ಹೋಗಬೇಕಾದ ಕಡೆಯೆಲ್ಲ ಪೇಂಟಿನಲ್ಲಿ ಗೆರೆ ಎಳೆಯುವುದು, ಆಮೇಲೆ ತಾಮ್ರ ತಿನ್ನುವ ನೀರಿನಲ್ಲಿ ಮುಳುಗಿಸುವುದು. ಪೇಂಟು ಬಿದ್ದ ಕಡೆ ತಾಮ್ರ ಉಳಿಯುತ್ತದೆ, ಉಳಿದದ್ದು ಕರಗುತ್ತದೆ. ತಂತಿಯೇ ಬೇಡ, ಗೆರೆಯೇ ತಂತಿ. ಅಣ್ಣ ಅಂದು ಇಷ್ಟು ಮಾತಾಡಿದ್ದೇ ನನಗೆ ದೊಡ್ಡ ಸುದ್ದಿ.

ಸೈನ್‌ಬೋರ್ಡು ಬರೆಯುವವನಿಂದ ಕಪ್ಪು ಪೇಂಟು ತಂದು, ಕಸಬರಿಗೆಯ ಕಡ್ಡಿ ಅದ್ದಿ, ಉಸಿರು ಹಿಡಿದು ಗೆರೆ ಎಳೆದ. ಹಿತ್ತಿಲ ಬಿಸಿಲಿಗೆ ಒಣಗಲು ಇಟ್ಟ. ಅಷ್ಟರಲ್ಲಿ, ತಾಮ್ರ ತಿನ್ನಲೆಂದು ಸಾಬರು ಕೊಟ್ಟ ಹಳದಿ ಉಪ್ಪಿನ ಹೆಂಟೆಗಳನ್ನು ನಾವು ನೀರಿಗೆ ಹಾಕಿದೆವು. ಮೊದಲು ಹಾಕಿದ್ದು ಅಲ್ಯೂಮಿನಿಯಂ ತಟ್ಟೆಯಲ್ಲಿ. ಅದು ಕೊತಕೊತ ಕುದಿದು, ಹೊಗೆ ಕಾರಿ, ತಟ್ಟೆಯ ತಳವನ್ನೇ ತಿಂದು ಬಚ್ಚಲಿಗೆ ಹರಿದುಹೋಯಿತು. ತೂತಿನಲ್ಲಿ ಕಣ್ಣಿಟ್ಟು ಅವ್ವ ನನ್ನನ್ನು ನೋಡಿದಳು. ಆಮೇಲೆ ಪಿಂಗಾಣಿ ಬಟ್ಟಲು ಕೊಟ್ಟಳು, ಉಪ್ಪಿನಕಾಯಿಯದು. ಬೋರ್ಡನ್ನು ಅದರಲ್ಲಿ ಮುಳುಗಿಸಿ ತೊಟ್ಟಿಲಿನಂತೆ ತೂಗುವ ಕೆಲಸ ನನ್ನದು. ತುಕ್ಕಿನ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಬೆರಳು ಹಳದಿಯಾದವು, ಕೂತು ಕೂತು ಕಾಲು ಜೋಮು ಹಿಡಿಯಿತು. ತಾಮ್ರ ನಿಧಾನಕ್ಕೆ ಮಾಯವಾಯಿತು.

ಸೀಮೆಎಣ್ಣೆಯಲ್ಲಿ ಪೇಂಟು ಒರೆಸಿದಾಗ ಕೆಂಪು ಗೆರೆಗಳು ಹೊಳೆದವು. ಅಣ್ಣ ತೂತು ಕೊರೆದ, ಕೆಂಡದಲ್ಲಿ ಕಾಯಿಸಿದ ಕಬ್ಬಿಣದಿಂದ ಟ್ರಾನ್ಸಿಸ್ಟರಿನ ಒಂದೊಂದೇ ತಂತಿಗಾಲನ್ನು ಬೆಸೆದ. ಮನೆ ತುಂಬ ರಾಳದ ವಾಸನೆ, ಪೂಜೆಯ ದಿನದಂತೆ. ಸೆಲ್ ಹಾಕಿದ. ಗುಂಡಿ ನನ್ನ ಕಿವಿಗಿಟ್ಟ. ಏನೂ ಇಲ್ಲ.

ಬಹಳ ಹೊತ್ತು ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಈ ಗೆರಿ ಯಾರು ಕೂಡ್ಸಿದ್ದು?"

"ನಾನು" ಅಂದಳು ಅವ್ವ, ಒಲೆಯ ಮುಂದಿನಿಂದಲೇ. "ಒಣಗಾಕ ಇಟ್ಟಾಗ ನೋಡಿದೆ. ತುದಿ ಮುಟ್ಟಿಸ್ದೆ ಹಂಗೇ ಬಿಟ್ಟಿದ್ದೀಯಲ್ಲ. ಬಾಯಿ ಬಿಟ್ಟ ಗೆರಿ ಮನ್ಯಾಗೆ ಇಡಬಾರದು. ರಂಗೋಲಿಯಾಗ ಹಂಗೆ ಬಿಡ್ತಾರೇನು?"

"ಅವ್ವ, ಇದು ರಂಗೋಲಿ ಅಲ್ಲ."

"ನಿಮ್ಮಪ್ಪನ ಕೊರಳಿಗೆ ಹಾಕೋದು ಹೌದಲ್ಲ?"

ಅಣ್ಣ ಗಡ್ಡದ ಬ್ಲೇಡು ತೆಗೆದು ಅವ್ವ ಕೂಡಿಸಿದ ಜಾಗವನ್ನು ಕೆರೆದ. ಅವ್ವ ಆ ಕಡೆ ತಿರುಗಿ ರೊಟ್ಟಿ ಬಡಿದಳು. ಕೆರೆದಾದ ಮೇಲೆ ಗುಂಡಿಯನ್ನು ಕಿವಿಗಿಟ್ಟರೆ, ಆ ರೊಟ್ಟಿಯ ಸದ್ದು ಗುಡುಗಿನಂತೆ ಕೇಳಿತು.

ಎಲ್ಲವನ್ನೂ ಒಂದು ಸೋಪಿನ ಡಬ್ಬಿಯೊಳಗೆ ಕೂರಿಸಿ, ದಾರ ಕಟ್ಟಿ, ಅಪ್ಪನ ಕೊರಳಿಗೆ ಹಾಕಿದೆವು. ಲಿಂಗದ ಕರಡಿಗೆಯ ಪಕ್ಕದಲ್ಲಿ ಸೋಪಿನ ಡಬ್ಬಿ ತೂಗಿತು. ಅಪ್ಪ ಗುಂಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಏನ್ ಕೇಳ್ತೈತೆ?" ಅಂತ ನಾವು ಮೂವರೂ ಅಭ್ಯಾಸದಂತೆ ಕಿರುಚಿದೆವು. ಅವನು ಕಣ್ಣು ಮುಚ್ಚಿ ಕೈ ಅಡ್ಡ ಹಿಡಿದ.

"ಮೆಲ್ಲಕ" ಅಂದ. ಅವನು ಬಾಯಿ ಬಿಟ್ಟಿದ್ದೇ ಡಬ್ಬಿ ಕೀ ಅಂತು. ಅವನ ದನಿಯನ್ನು ಅದು ತಾಳಲಿಲ್ಲ. ಅವನಿಗೆ ಎಲ್ಲರ ಮಾತೂ ಕೇಳುತ್ತಿತ್ತು, ತನ್ನದು ಮಾತ್ರ ಕೀ ಅನ್ನುತ್ತಿತ್ತು.

ಸಂಜೆ ಕಟ್ಟೆ ತುಂಬಿತು. ನಾನು ಕಂಡಕ್ಟರನ್ನು ಮಾಡಿದೆ. ಅಪ್ಪ ಎಲ್ಲರ ಜೊತೆಗೇ ನಕ್ಕ. ಮಂಡಕ್ಕಿ ಅಜ್ಜಿಯನ್ನು ಮಾಡಿದೆ. ಎಲ್ಲರಿಗಿಂತ ಮೊದಲು ನಕ್ಕ. ಕಣ್ಣೊರೆಸಿಕೊಂಡು, ಬಾಯಿ ತೆರೆಯದೆ, ತನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಈಗ ನಂದು ಮಾಡು ಅಂತ.

ಅವ್ವ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು, ಬ್ಯಾಡ ಅಂತ. ನಾನು ನೋಡಿದೆ. ಆದರೆ ಅಪ್ಪನನ್ನು ಮಾಡಲು ನನಗೆ ಗೊತ್ತಿದ್ದದ್ದು ಒಂದೇ ರೀತಿ, ಅದರ ಚಿಕ್ಕ ಅಳತೆಯದು ನನ್ನಲ್ಲಿ ಇರಲಿಲ್ಲ. ಕತ್ತಿನ ನರ ಉಬ್ಬಿಸಿ "ಯಾರಿಗೂ ಹೇಳಬ್ಯಾಡ!" ಅಂದೆ. ಕಟ್ಟೆಯವರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಗುಂಡಿಯನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಮ್ಮೆ ಅಂತ ಕೈ ಮಾಡಿದ. ಇನ್ನೊಮ್ಮೆ ಮಾಡಿದೆ.

"ಅವ ಹೆಚ್ಚಿಗೆ ಮಾಡ್ತಾನ್ರಿ" ಅಂದಳು ಅವ್ವ, ಮೆತ್ತಗೆ. ಅವನಿಗೆ ಅದೂ ಕೇಳಿಸಿತು. ನನ್ನ ಮುಖ ನೋಡಿದ. ಹೌದೇನು ಅಂತ. ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಇಷ್ಟು ದಿನ ಅದೊಂದೇ ನನ್ನ ಹೆಮ್ಮೆ, ಇದ್ದದ್ದನ್ನು ಇದ್ದ ಹಾಗೆ ಮಾಡುತ್ತೇನೆ ಅನ್ನುವುದು.

ಅಪ್ಪ ಗುಂಡಿ ತೆಗೆದು, ದಾರ ಸುತ್ತಿ, ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟ. "ಚಲೋ ಮಾಡಿಯಪ್ಪ" ಅಂದ. ಅದನ್ನು ಪಕ್ಕದಲ್ಲಿದ್ದ ಅಣ್ಣನೂ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

ಅಂದಿನಿಂದ ಅವನ ದನಿ ಇಳಿಯಿತು. ಎಷ್ಟು ಇಳಿಸಬೇಕು ಅನ್ನುವುದೂ ಅವನಿಗೆ ಗೊತ್ತಾಗುತ್ತಿರಲಿಲ್ಲವಲ್ಲ, ಇಳಿಸುತ್ತಾ ಹೋದ. ಸಾರು ಬೇಕೋ ಅನ್ನ ಬೇಕೋ ಅನ್ನುವುದಕ್ಕೆ ನಾವು ಅವನ ತುಟಿ ನೋಡಬೇಕಾಯಿತು. ಓಣಿಯವರು "ನಿಮ್ಮಪ್ಪ ಊರಾಗಿಲ್ಲೇನು?" ಅಂತ ಕೇಳಿದರು. ಸೋಪಿನ ಡಬ್ಬಿ ಟ್ರಂಕು ಸೇರಿತು. ಅಣ್ಣ ಆಮೇಲೆ ಬೇರೆ ಬೋರ್ಡು ಮಾಡಲಿಲ್ಲ. ಅವ್ವ ಅವನಿಗೆ ಒಂದೇ ಸಲ ಅಂದಳು: "ನಾ ಕೂಡ್ಸಿದ ಗೆರಿ ನೀ ಕೆರೀಬಾರದಿತ್ತು ಕೊಟ್ರ." ಯಾರೂ ಅತ್ತದ್ದು ನೆನಪಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ ಹಾಗೆ.

ಈಗ ಆ ಮಗ್ಗಗಳ ಸದ್ದು ನಿಂತಿದೆ. ಓಣಿಯಲ್ಲಿ ಯಾರ ಮನೆಯಲ್ಲಿ ಏನಾಯಿತು ಅನ್ನುವುದು ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು. ಮದುವೆ ಮನೆಗಳಲ್ಲಿ ನೆಂಟರು ಇವತ್ತಿಗೂ ನನ್ನನ್ನು ಹಿಡಿದು ಕೂರಿಸುತ್ತಾರೆ. ಕಂಡಕ್ಟರು ಬರುತ್ತಾನೆ, ಅಜ್ಜಿ ಬರುತ್ತಾಳೆ, ಮೇಷ್ಟ್ರು ಬರುತ್ತಾರೆ. "ನಿಮ್ಮಪ್ಪಂದು ಮಾಡು" ಅನ್ನುತ್ತಾರೆ. ಕತ್ತಿನ ನರ ಉಬ್ಬಿಸಿ ಬಾಯಿ ತೆರೆಯುತ್ತೇನೆ. ತುಟಿ ಆಡುತ್ತದೆ, ದನಿ ಬರುವುದಿಲ್ಲ. ಅದೂ ಒಂದು ಅಣಕ ಇರಬೇಕು ಅಂದುಕೊಂಡು, ಒಬ್ಬರ ಮುಖ ಒಬ್ಬರು ನೋಡಿ, ಅವರು ನಗುತ್ತಾರೆ. ಸ್ವಲ್ಪ ತಡವಾಗಿ.