ಮಗಳಿಗೆ ಹುಡುಕಿದ ಹಗಲಿನ ಮನೆ

ಮಗಳು ಓಡಾಡಲು ಕಲಿತ ಹೊತ್ತಿಗೆ ನನಗೆ ಶಿಕಾರಿಪುರದಿಂದ ಸೊರಬದ ತಾಲ್ಲೂಕು ಕಚೇರಿಗೆ ವರ್ಗವಾಯಿತು. ಅಲ್ಲಿಯವರೆಗೆ ಅತ್ತೆಯವರೇ ಮಗುವನ್ನು ನೋಡಿಕೊಳ್ಳುತ್ತಿದ್ದರು. ಆದರೆ ಅವರಿಗೆ ಮೊಣಕಾಲು ನೋವು ಜಾಸ್ತಿಯಾಗಿತ್ತು. ದಿನವಿಡೀ ಮಗುವಿನ ಹಿಂದೆ ಅವರನ್ನು ಓಡಿಸುವುದು ನನಗೆ ಸರಿ ಕಾಣಲಿಲ್ಲ. ಡೇ ಕೇರ್‌ಗೆ ಬಿಡೋಣ ಎಂದೆ. ಅವರಿಗೆ ಸಿಟ್ಟು ಬಂತು.

“ನಾ ಮನ್ಯಾಗೆ ಇರುವಾಗ ಕೂಸಿನ್ನ ಯಾರ್ದೋ ಮನ್ಯಾಗೆ ಬಿಡ್ತೀಯೇನವ್ವ? ಜನ ಏನಂತಾರೆ?”

“ಜನ ಏನಾರ ಅನ್ಲಿ ಅತ್ತೆ. ನಿಮ್ಮ ಕಾಲು ಚೆನ್ನಾಗಿರ್ಬೇಕು.”

ಪಂಪ್‌ಸೆಟ್ ರಿಪೇರಿ ಅಂಗಡಿ ನಡೆಸುವ ನನ್ನ ಗಂಡ, “ನೀನೇ ನೋಡಿ ಬಾ, ನಿಂಗೆ ಒಪ್ಪಿಗೆ ಆದ್ರೆ ನಂಗೂ ಒಪ್ಪಿಗೆ” ಎಂದುಬಿಟ್ಟರು.

ಮೊದಲು ನಮ್ಮೂರು ಶಿಕಾರಿಪುರದಲ್ಲೇ ಹೊಸದಾಗಿ ಶುರುವಾಗಿದ್ದ ಡೇ ಕೇರ್‌ಗೆ, ಮುಂಚೆ ತಿಳಿಸದೆ ಹೋದೆ. ಗೋಡೆ ತುಂಬ ಆನೆ, ನವಿಲು, ಮೀನು. ನೆಲ ಫಳಫಳ ಹೊಳೆಯುತ್ತಿತ್ತು. ಮಕ್ಕಳೆಲ್ಲ ಸಾಲಾಗಿ ಟಿವಿ ಮುಂದೆ ಕೂತಿದ್ದವು. ಒಂದೂ ತಿರುಗಿ ನೋಡಲಿಲ್ಲ. ಅಷ್ಟು ಚಿಕ್ಕ ಮಕ್ಕಳು ಅಷ್ಟು ಸುಮ್ಮನಿರುವುದನ್ನು ಕಂಡು ನನ್ನ ಮನಸ್ಸು ಹಿಂದೆ ಸರಿಯಿತು.

ಸೊರಬದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಮನೆಯನ್ನು ಸಹೋದ್ಯೋಗಿಯೊಬ್ಬರು ಹೇಳಿದರು. ಅಕ್ಕ ತಂಗಿ ಇಬ್ಬರು ಸೇರಿ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿಗೂ ಹೇಳದೆಯೇ ಹೋದೆ, ಆಗ ಊಟದ ಹೊತ್ತು. ನೆಲದ ಮೇಲೆಲ್ಲ ಅನ್ನ. ಒಂದು ಪಾತ್ರೆ ಮುಚ್ಚಳಕ್ಕಾಗಿ ಇಬ್ಬರು ಮಕ್ಕಳ ಜಗಳ. ಅಕ್ಕನ ತೊಡೆಯ ಮೇಲೊಂದು ಮಗು ನಿದ್ದೆ ಹೋಗಿತ್ತು.

“ಬನ್ನಿ, ಕೂತ್ಕಳಿ. ಇದು ಈಗಷ್ಟೇ ಮಲ್ಕಂಡಿದೆ, ನಾನು ಎದ್ರೆ ಎಚ್ರ ಆಗ್ತದೆ” ಎಂದರು.

ನಾನು ಕೇಳಿದ್ದಕ್ಕಿಂತ ಅವರೇ ಹೆಚ್ಚು ಕೇಳಿದರು. ಮಗು ಹೇಗೆ ನಿದ್ದೆ ಮಾಡುತ್ತದೆ, ಯಾವುದಕ್ಕೆ ಹೆದರುತ್ತದೆ, ನೀರು ಬೇಕಾದರೆ ಏನನ್ನುತ್ತದೆ. ಮನೆಯಿಂದ ಹೊರಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ಬೆಳಗಿನ ಬಸ್ಸಿನಲ್ಲಿ ಮಗಳು ನನ್ನ ಜೊತೆಗೇ ಬರತೊಡಗಿದಳು. ಮೊದಲ ಕೆಲವು ದಿನ ಸೆರಗು ಹಿಡಿದು ಅತ್ತಳು. ಕಣ್ಣು ತಪ್ಪಿಸಿ ಹೋಗಲು ನೋಡಿದರೆ ಅಕ್ಕ ತಡೆದರು. “ಹೇಳೇ ಹೋಗಿ. ಅತ್ರೆ ಅಳ್ಲಿ, ನಾನಿದೀನಿ. ಕದ್ದು ಹೋದ್ರೆ ನಾಳೆ ನಿಮ್ಮನ್ನ ಬಿಡೋದೇ ಇಲ್ಲ.” ದಿನವೂ “ಸಂಜೆ ಬರ್ತೀನಿ” ಎಂದು ಹೇಳಿಯೇ ಹೊರಟೆ. ನಿಧಾನಕ್ಕೆ ಅಳು ನಿಂತಿತು.

ಆಮೇಲೊಂದು ಮಧ್ಯಾಹ್ನ, ಪಹಣಿಗೆ ಬಂದ ರೈತರು ಎದುರಿಗೆ ನಿಂತಿರುವಾಗಲೇ ಅಕ್ಕನ ಫೋನು ಬಂತು.

“ಇನ್ನೊಂದು ಮಗು ನಿಮ್ಮ ಮಗಳ ಕೈ ಕಚ್ಚಿದೆ. ಹಲ್ಲಿನ ಗುರುತು ಬಿದ್ದಿದೆ, ರಕ್ತ ಬಂದಿಲ್ಲ. ನಾನು ಆಚೆ ಬಟ್ಟೆ ಒಣಗ್ಸ್ತಿದ್ದೆ, ನನ್ನದೇ ತಪ್ಪು. ಬಂದು ನೋಡ್ತೀರಾ?”

ರೈತರಿಗೆ ಕಾಯಲು ಹೇಳಿ ಎದ್ದೆ. ಓಡಿದೆ. ಮಗಳು ತನ್ನನ್ನು ಕಚ್ಚಿದ ಹುಡುಗಿಯ ಪಕ್ಕದಲ್ಲೇ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

ಅಂದು ಸಂಜೆ ಕೈ ನೋಡಿದ ಅತ್ತೆ ಕೂಗಾಡಿದರು. “ನಾಳಿಂದ ಬ್ಯಾಡವೇ ಬ್ಯಾಡ!”

“ಮುಚ್ಚಿಡ್ಲಿಲ್ಲ ಅತ್ತೆ, ತಾವೇ ಫೋನ್ ಮಾಡಿ ಹೇಳಿದ್ರು. ಅಂಥೋರ ಹತ್ರ ಬಿಡಾಕೆ ನಂಗೆ ಧೈರ್ಯ ಐತೆ. ಬೇಕಾದ್ರೆ ಬಂದು ನೋಡ್ರಿ.”

ಅವರು ನಿಜವಾಗಿಯೂ ಬಂದರು. ಮುಖ ಬಿಗಿದುಕೊಂಡೇ ಬಸ್ಸು ಹತ್ತಿದರು. ಮಗಳು ಅಜ್ಜಿಯ ಕೈ ಹಿಡಿದು ಒಳಗೆಳೆದುಕೊಂಡು ಹೋದಳು. ಸಂಜೆ ಕಚೇರಿ ಮುಗಿಸಿ ಹೋದಾಗ ಅತ್ತೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಕ್ಕಳು ಸಿಪ್ಪೆಯನ್ನು ಅವರ ಮಡಿಲಿಗೇ ಎಸೆದು ನಗುತ್ತಿದ್ದವು. ವಾಪಸು ಬಸ್ಸಿನಲ್ಲಿ ಅತ್ತೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡರು. ಊರು ಹತ್ತಿರವಾದಾಗ, “ಚಲೋ ನೋಡ್ಕಂತಾಳೆ. ಸಾರಿಗೆ ಮಾತ್ರ ಹುಳಿ ಜಾಸ್ತಿ” ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಯಾವ ಡೇ ಕೇರ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಊಟದ ಹೊತ್ತಿಗೆ, ಹೇಳದೆ ಹೋಗಿ ನೋಡಿ ಎನ್ನುತ್ತೇನೆ.