ಹೋದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ

ವನಿತಾ, ಆ ದಿನ ಹೈವೇಯಲ್ಲಿ ನಾವು ನಾಲ್ವರೂ ಸಾವಿನ ಅಂಚಿಗೆ ಹೋದದ್ದು ನಿನ್ನಿಂದಲ್ಲ — ನನ್ನಿಂದ. ಇಷ್ಟು ವರ್ಷ ನೀನು ನಿನ್ನನ್ನೇ ಬೈದುಕೊಳ್ಳುವುದನ್ನು ಕೇಳುತ್ತ ಸುಮ್ಮನಿದ್ದೆ.

ಸಿಡ್ನಿಯ ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಎದುರುಬದುರು ಬಾಗಿಲು. ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಮಾಡಿ ಬಂದ ನನಗೆ ಚಾಟ್ಸ್‌ವುಡ್‌ನಲ್ಲಿ ಸಿಕ್ಕಿದ್ದು ಫಾರ್ಮುಗಳನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ. ನನ್ನ ಓದಿನ ಬಗ್ಗೆ ಕೇಳಿದವರು ನಿನ್ನ ಗಂಡ ರಘು ಒಬ್ಬರೇ. ಭಾನುವಾರ ಬೆಳಿಗ್ಗೆ ನೀನು ಪುಟ್ಟಿಯನ್ನು ಈಜು ಕ್ಲಾಸಿಗೆ ಕರೆದೊಯ್ದಾಗ — ಅಮೆರಿಕದಲ್ಲಿ ಅದು ಶನಿವಾರ ಸಂಜೆ, ಆನ್‌ಲೈನ್ ಪೋಕರ್ ಎಂಬ ಇಸ್ಪೀಟು ಜೂಜಿಗೆ ಜನ ಸೇರುವ ಹೊತ್ತು — ಅವರು ಲ್ಯಾಪ್‌ಟಾಪ್ ಹಿಡಿದು ನನ್ನ ಅಡುಗೆಮನೆಗೆ ಬರುತ್ತಿದ್ದರು. ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ.

ಅವರು ಆಡುತ್ತಿದ್ದುದು ಸ್ಯಾಟಲೈಟ್ — ಗೆದ್ದವರಿಗೆ ದುಡ್ಡಿನ ಬದಲು ದೊಡ್ಡ ಟೂರ್ನಮೆಂಟಿನ ಟಿಕೆಟ್ ಕೊಡುವ ಸಣ್ಣ ಆಟ. ಮೊದಲ ಒಂದು ಗಂಟೆ, ಪಣದ ಬಿಲ್ಲೆಗಳಾದ ಚಿಪ್ಸ್ ಎಲ್ಲ ಕಳೆದುಕೊಂಡರೂ ಮತ್ತೆ ದುಡ್ಡು ಕಟ್ಟಿ ಕೂರಬಹುದು, ಅದೇ ರೀಬೈ. ರಘು ಅಳುಕಿನ ಮನುಷ್ಯ, ಎರಡು ಸಲ ಕಳೆದರೆ ಎದ್ದುಬಿಡುತ್ತಿದ್ದರು. ನಾನು ಕಲಿಸಿದೆ:

“ಹೋದದ್ದನ್ನ ಲೆಕ್ಕಕ್ಕೆ ಹಿಡೀಬೇಡಿ. ಪ್ರತಿ ರೀಬೈನೂ ಹೊಸ ಆಟ. ಮೊದಲ ಗಂಟೇಲಿ ಭಯ ಯಾಕೆ, ಎಲ್ಲಾ ಒಟ್ಟಿಗೆ ಇಟ್ಬಿಡಿ.”

ಸೂತ್ರ ತಪ್ಪಲ್ಲ. ಆದರೆ ಅದಕ್ಕೆ ಇನ್ನರ್ಧವಿತ್ತು — ಎಷ್ಟು ಸಲ ಎಂದು ಕೂರುವ ಮೊದಲೇ ಗೆರೆ ಎಳೆದುಕೊಳ್ಳಬೇಕು. ರೀಬೈ ಇಲ್ಲದ ಕಡೆ ಹೀಗೆ ಆಡಲೇಬಾರದು. ಅದನ್ನು ಹೇಳಲಿಲ್ಲ. ಮರೆತಿರಲಿಲ್ಲ. ಹೇಳಿದ್ದರೆ ಅವರು ಮತ್ತೆ ಅಳುಕುತ್ತಿದ್ದರು, ನನ್ನ ಭಾನುವಾರಗಳು ಮುಗಿಯುತ್ತಿದ್ದವು. “ಮೇಡಂ ಹೇಳಿದ್ರೆ ಆಯ್ತಲ್ಲ ಮಾರಾಯ್ರೆ” ಎಂದು ಅವರು ನಗುತ್ತಿದ್ದರು — ಆ ಮಾತು ನನಗೆ ಬೇಕಿತ್ತು.

ಟಿಕೆಟ್ ಬಂತು, ಹನ್ನೊಂದು ರೀಬೈ ಆದ ಮೇಲೆ. ನಿನ್ನ ಹತ್ತಿರ ಮಾತ್ರ ರಘು, ಟಿಕೆಟ್ ಫ್ರೀ ಸಿಕ್ಕಿತು ಎಂದರು. ನಾನೂ ತಲೆಯಾಡಿಸಿದೆ.

ಜನವರಿಯಲ್ಲಿ ಆ ಟೂರ್ನಮೆಂಟಿಗಾಗಿ ಎಲ್ಲರೂ ಕಾರಿನಲ್ಲಿ ಮೆಲ್ಬರ್ನ್‌ಗೆ ಹೋದೆವು. ದೊಡ್ಡ ಆಟದಲ್ಲಿ ರೀಬೈ ಇಲ್ಲ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ರಘು ಚಿಪ್ಸ್ ಅಷ್ಟನ್ನೂ ಎರಡು ಕೈಯಿಂದ ಮುಂದೆ ತಳ್ಳಿದರು — ನನ್ನ ಅಡುಗೆಮನೆಯಲ್ಲಿ ಮೌಸ್ ಒತ್ತುತ್ತಿದ್ದಷ್ಟೇ ಹಗುರಾಗಿ. ಸೋತ ಮೇಲೂ ಏಳಲಿಲ್ಲ. ಯಾರೋ ಮತ್ತೆ ಚಿಪ್ಸ್ ತಂದಿಡುತ್ತಾರೆ ಎಂಬಂತೆ ಕೂತೇ ಇದ್ದರು.

ಮರುದಿನ ಸಿಡ್ನಿಗೆ ವಾಪಸ್. ನೀನು ಪುಟ್ಟಿಯ ಜೊತೆ ಹಿಂದಿನ ಸೀಟಿನಲ್ಲಿ, ನಾನು ಮುಂದೆ. ರಸ್ತೆ ಹೋಗಲೊಂದು, ಬರಲೊಂದು ಎಂದು ಎರಡೇ ಲೇನ್ ಆಗುವ ಕಡೆ ರಘು ಟ್ರಕ್ಕನ್ನು ಓವರ್‌ಟೇಕ್ ಮಾಡಲು ಹೊರಟರು. ಎದುರಿಗೆ ಬಿಳಿ ಪಿಕಪ್ ಬರುತ್ತಿತ್ತು. ನಾನು ನೋಡಿದೆ. ಅವರೂ ನೋಡಿದರು.

“ಹೋದದ್ದು ಲೆಕ್ಕಕ್ಕಿಲ್ಲ ಅಲ್ವಾ ಮೇಡಂ” ಎಂದರು, ನನಗಷ್ಟೇ ಕೇಳುವಂತೆ. ಆಕ್ಸಿಲರೇಟರ್ ಒತ್ತಿದರು.

ಸ್ಟಿಯರಿಂಗ್ ನಾನು ಎಳೆದೆನೋ, ಎದುರಿನವನೇ ತಪ್ಪಿಸಿದನೋ — ಇವತ್ತಿಗೂ ಅಲ್ಲಿಗೇ ಬಂದು ನಿಲ್ಲುತ್ತೇನೆ. ಕಾರು ಜಲ್ಲಿಯ ಮೇಲೆ ತಿರುಗಿ ಬೇಲಿಗೆ ತಾಗಿ ನಿಂತಿತು. ನೀನು ಪುಟ್ಟಿಯನ್ನು ಅವುಚಿಕೊಂಡು ಅಳುತ್ತಿದ್ದೆ: “ನಾನೇ ಬೇಗ ಹೋಗಿ ಅಂದೆ, ಪುಟ್ಟಿಗೆ ಟಾಯ್ಲೆಟ್ ಅರ್ಜೆಂಟ್ ಅಂತ ನಾನೇ ಅಂದೆ.” ರಘು ಇಂಜಿನ್ ಆಫ್ ಮಾಡಿದರು. ನಾನು ಹೇಳಿದೆ — “ಬಿಸಿಲು ಕಣ್ಣಿಗೆ ಹೊಡೀತು, ಅಷ್ಟೆ.”

ಈಗ ನೀವು ಮೆಲ್ಬರ್ನ್ ಹತ್ತಿರದ ವಿಂಡಮ್ ವೇಲ್‌ನಲ್ಲಿದ್ದೀರಿ. ಕಾರಿನಲ್ಲಿ ಕೂತರೆ ಇವತ್ತಿಗೂ ನಿನಗೆ ಬಾಯಿ ತೆರೆಯಲು ಭಯವಂತೆ. “ಮಮ್, ಸೇ ಸಮ್‌ಥಿಂಗ್” ಎಂದು ಪುಟ್ಟಿ ರೇಗುತ್ತಾಳಂತೆ. ರಘು ಭಾನುವಾರ ಇನ್ನೂ ಆಡುತ್ತಾರೆ, ಹೋಗಲಿ, ಬಿಟ್ಟಿ ಆಟ — ಎಂದು ನೀನು ಫೋನಿನಲ್ಲಿ ನಕ್ಕೆ.

ಅದು ಬಿಟ್ಟಿ ಆಟವಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ, ಶನಿವಾರ ನಾನೇ ತರುತ್ತೇನೆ. ರಘು ಎದುರಿಗಿರುವಾಗಲೇ ಓದು. ಆಮೇಲೆ ನನ್ನ ಮುಖಕ್ಕೆ ಬಾಗಿಲು ಹಾಕಿದರೂ ಸರಿ. ಆ ದಿನ ಸಂಜೆ ಐದು ದಾಟಿತ್ತು, ನಾವು ಪೂರ್ವಕ್ಕೆ ಹೋಗುತ್ತಿದ್ದೆವು. ಬಿಸಿಲು ನಮ್ಮ ಬೆನ್ನಿಗಿತ್ತು, ವನಿತಾ.