ಸೋಸಿ ತಂದ ನೀರು

ರಾಯದುರ್ಗದ ಹತ್ತಿರ ಜೀನ್ಸ್ ತೊಳೆಯುವ ಘಟಕವೊಂದು ಬಣ್ಣದ ನೀರನ್ನು ಹಳ್ಳಕ್ಕೆ ಬಿಟ್ಟು ಊರಬಾವಿ ಕೆಡಿಸಿತ್ತು. ಊರವರ ಪರ ವಕೀಲ ನಾನು. ಮಾಲಿನ್ಯ ಮಂಡಳಿ ಅಧಿಕಾರಿಯ ವಿಚಾರಣೆಗೆ ಬಾವಿನೀರು ತನ್ನಿ ಎಂದು ಆ ಊರಿನ ಹೊನ್ನೂರಮ್ಮನಿಗೆ ಹೇಳಿದ್ದೆ. ತಂದ ಬಾಟಲಿ ನೋಡಿದರೆ ನೀರು ತಿಳಿಯಾಗಿದೆ. ಇದ್ದ ಒಂದು ಸಾಕ್ಷ್ಯವೂ ಹೋಯಿತು ಎಂದುಕೊಂಡೆ.

“ಸೋಸಿದ್ರೇನಮ್ಮಾ?”

“ಹೌದ್ರಿ. ಸಾಹೇಬ್ರಿಗೆ ಕೊಡೋ ನೀರು, ಸೋಸದ ಹೆಂಗ ತರ್ಲಿ?”

“ಸೋಸಿದ ಬಟ್ಟೆ ಎಲ್ಲಿ?”

ಆಕೆ ನಾಚಿಕೊಂಡು ಚೀಲದಿಂದ ಬಿಳಿ ಪಂಚೆಯ ತುಂಡು ತೆಗೆದರು. “ತೊಳಿಯಾಕ ಟೈಮ್ ಸಿಗಲಿಲ್ರಿ.” ಅದರ ನಡುವೆ ಅಂಗೈಯಗಲ ನೀಲಿ ಕೆಸರು ಮೆತ್ತಿತ್ತು.

ಬಾಟಲಿ, ಬಟ್ಟೆ ಎರಡನ್ನೂ ಅಧಿಕಾರಿಯ ಮುಂದಿಟ್ಟೆ. ಅವರು ಬಾಟಲಿ ಮುಟ್ಟಲಿಲ್ಲ. ಬಟ್ಟೆಯನ್ನೇ ತಿರುಗಿಸಿ ನೋಡಿ, ಘಟಕದ ಮೋರಿ ಅವತ್ತೇ ಮುಚ್ಚಿಸಲು ಆದೇಶ ಬರೆದರು. ನಾನು ಖುಷಿಯಲ್ಲಿ ಚಹಾ ಹೇಳಿದೆ.

ಹೊನ್ನೂರಮ್ಮನಿಗೆ ಮಾತ್ರ ಸಣ್ಣ ಬೇಸರ. “ಅಷ್ಟು ಸೋಸಿ ತಂದ್ರೂ ಸಾಹೇಬ್ರು ಒಂದು ಗುಟುಕು ಕುಡೀಲಿಲ್ಲ ನೋಡ್ರಿ.”